ಮೊದಲ ವಿದೇಶ ಪ್ರವಾಸ: ನೇರ ವಿಮಾನವೋ, ಇಳಿದು ಹತ್ತುವುದೋ? ಒಂದು ದೇಶವೋ, ಎರಡೋ?

ನಮ್ಮ ಮನೆಯಲ್ಲಿ ಮೊದಲ ಸಲ ವಿದೇಶದ ಮಾತು ಬಂದಾಗ ಟಿಕೆಟ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮೈಸೂರಿನಿಂದ ನಾಲ್ಕು ಜನ: ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, 67 ವರ್ಷದ ಅಮ್ಮ. ಕೈಯಲ್ಲಿದ್ದದ್ದು ದಸರಾ ರಜೆಯ ಎಂಟು ದಿನ. ಮಗಳಿಗೆ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಬೇಕು. ಅಮ್ಮನಿಗೆ ಮಲೇಷ್ಯಾದ ಬಾತು ಗುಹೆಯ ಮುರುಗನ್ ಬೇಕು. ನನಗೆ ಅಗ್ಗದ ಟಿಕೆಟ್ ಬೇಕು. ಮೂವರಲ್ಲಿ ತಪ್ಪು ಮಾಡಿದ್ದು ನಾನೊಬ್ಬನೇ.

ಆಮೇಲೆ ನೆಂಟರು, ಆಫೀಸಿನವರು ಅಂತ ಐದಾರು ಮನೆಯವರಿಗೆ ಟಿಕೆಟ್ ನೋಡಿಕೊಟ್ಟಿದ್ದೇನೆ. ಎಲ್ಲರಿಗೂ ಒಂದೇ ಲೆಕ್ಕ ಹೇಳುತ್ತೇನೆ. ಅಗ್ಗದ ಟಿಕೆಟ್‌ನಿಂದ ಎಷ್ಟು ರೂಪಾಯಿ ಉಳಿಯುತ್ತದೆ ನೋಡಿ. ಅದನ್ನು ಆ ಟಿಕೆಟ್ ತಿನ್ನುವ ಗಂಟೆಗಳಿಂದ ಭಾಗಿಸಿ. ತಲೆಗೆ 3,000 ಉಳಿಯುತ್ತದೆ, ಒಂಬತ್ತು ಗಂಟೆ ಜಾಸ್ತಿ ಹಿಡಿಯುತ್ತದೆ ಅಂದರೆ ಗಂಟೆಗೆ 333 ರೂಪಾಯಿ. ಆ ಕೂಲಿಗೆ ನಿಮ್ಮ ಅಮ್ಮ ರಾತ್ರಿ ಎರಡು ಗಂಟೆಗೆ ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂರುತ್ತಾರಾ? ಇಪ್ಪತ್ತೆರಡರ ಹುಡುಗರಾದರೆ ಧಾರಾಳವಾಗಿ ಕೂರಲಿ. ಇಲ್ಲಿಂದ ಮುಂದಿನ ಹೋಲಿಕೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ದೇಶ ಆರಿಸುವಾಗ

ಒಂದು ವಾರದ ರಜೆ ಇಟ್ಟುಕೊಂಡು ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ತೂಗಿ ನೋಡುವುದು ಇವನ್ನೇ: ಶ್ರೀಲಂಕಾ, ಥಾಯ್ಲೆಂಡ್, ವಿಯೆಟ್ನಾಂ, ದುಬೈ, ಸಿಂಗಾಪುರ–ಮಲೇಷ್ಯಾ.

ಶ್ರೀಲಂಕಾ ತೀರಾ ಹತ್ತಿರ. ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ, ಗಡಿಯಾರವನ್ನೂ ತಿರುಗಿಸಬೇಕಿಲ್ಲ. ಆದರೆ ಅಲ್ಲಿ ನೋಡುವ ಜಾಗಗಳು ದೂರ ದೂರ ಇವೆ, ದಿನದ ಅರ್ಧ ಕಾರಿನಲ್ಲೇ ಹೋಗುತ್ತದೆ. ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಎಂದದ್ದು 2023ರ ನವೆಂಬರ್‌ನಲ್ಲಿ. ಬೆಂಗಳೂರಿನವರು ಆಗಿನಿಂದ ಅಲ್ಲಿಗೆ ಸಾಲುಗಟ್ಟಿದ್ದಾರೆ. ಸಮುದ್ರ ಬೇಕೆನ್ನುವವರಿಗೆ ಅದೇ ಸರಿ. ಆದರೆ ಫುಕೆಟ್, ಕ್ರಾಬಿ ಕಡೆ ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ದಸರಾ ರಜೆಗೆ ಹೋದರೆ ದೋಣಿ ಹೊರಡುವುದೂ ನಿಲ್ಲುವುದೂ ಮೋಡದ ಕೈಯಲ್ಲಿ. ವಿಯೆಟ್ನಾಂಗೆ ಇ-ವೀಸಾ ಸುಲಭ, ಊರೂ ಅಗ್ಗ, ಆದರೆ ಶುದ್ಧ ಸಸ್ಯಾಹಾರಿಗಳು ಸ್ವಲ್ಪ ಹುಡುಕಾಡಬೇಕು. ಮಂಗಳೂರಿನವರಿಗೆ ದುಬೈ ಮನೆ ಬಾಗಿಲಿನಿಂದಲೇ ಸಿಗುತ್ತದೆ, ನೇರ ವಿಮಾನವಿದೆ. ಕರಾವಳಿಯಲ್ಲಿ ಯಾರಾದರೊಬ್ಬ ನೆಂಟರು ಅಲ್ಲಿಲ್ಲದ ಮನೆ ಕಡಿಮೆ.

ನಾವು ಸಿಂಗಾಪುರ–ಮಲೇಷ್ಯಾ ಹಿಡಿದೆವು. ಮಗುವಿಗೂ ವಯಸ್ಸಾದವರಿಗೂ ಒಟ್ಟಿಗೆ ಒಗ್ಗುವ ಊರುಗಳು. ಲಿಫ್ಟ್, ರೈಲು, ಸ್ವಚ್ಛ ಶೌಚಾಲಯ ಎಲ್ಲ ಕಡೆ ಇವೆ. ಇಡ್ಲಿ, ದೋಸೆಗೂ ಬರವಿಲ್ಲ. ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ, ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಅಮ್ಮನಿಗೆ ಬಾಳೆಎಲೆ ಊಟ ಸಿಕ್ಕಿತು. ಭಾಷೆ ತಮಿಳು ಅನ್ನುವುದೊಂದೇ ವ್ಯತ್ಯಾಸ, ಅದರಲ್ಲೂ ಅಮ್ಮ ನಮಗಿಂತ ಚೆನ್ನಾಗಿ ಸುಧಾರಿಸಿದರು.

ವೀಸಾ ವಿಷಯದಲ್ಲಿ ಈ ಎರಡು ದೇಶಗಳು ಪೂರ್ತಿ ಬೇರೆ. ಸಿಂಗಾಪುರಕ್ಕೆ ಮೊದಲೇ ವೀಸಾ ಮಾಡಿಸಬೇಕು, ಅದೂ ಅಧಿಕೃತ ಏಜೆಂಟರ ಮೂಲಕ. ಮಲೇಷ್ಯಾಕ್ಕೆ 2023ರ ಡಿಸೆಂಬರ್ 1ರಿಂದ 30 ದಿನದವರೆಗೆ ವೀಸಾ ಬೇಡ. ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದ್ದಾರೆ. ಎರಡೂ ಕಡೆ ಕಾಲಿಡುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಇಂಥ ನಿಯಮಗಳು ವರ್ಷಕ್ಕೊಂದು ಸಲ ಬಣ್ಣ ಬದಲಿಸುತ್ತವೆ. ಟಿಕೆಟ್ ತೆಗೆಯುವ ದಿನವೇ ಆಯಾ ದೇಶದ ಸರ್ಕಾರಿ ತಾಣ ನೋಡಿಬಿಡಿ.

ನೇರ ವಿಮಾನ, ಒಂದೇ ಟಿಕೆಟ್‌ನಲ್ಲಿ ಇಳಿದು ಹತ್ತುವುದು, ಬೇರೆ ಬೇರೆ ಟಿಕೆಟ್

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ಹಾರಾಟ ಸುಮಾರು ನಾಲ್ಕೂವರೆ ಗಂಟೆ, ಕೌಲಾಲಂಪುರಕ್ಕೆ ನಾಲ್ಕು ಗಂಟೆ. ಇಷ್ಟು ಹತ್ತಿರದ ಊರಿಗೆ ನಡುವೆ ಇಳಿದು ಹತ್ತುವ ಟಿಕೆಟ್ ತೆಗೆದರೆ ಪ್ರಯಾಣ ಹತ್ತು ಹನ್ನೆರಡು ಗಂಟೆಗೆ ಹೋಗುತ್ತದೆ. ಅಮೆರಿಕ, ಯುರೋಪಿಗೆ ಹೋಗುವವರ ಕಥೆ ಬೇರೆ, ಅಲ್ಲಿ ನಡುವಿನ ನಿಲುಗಡೆ ಕಾಲು ಚಾಚಿಕೊಳ್ಳಲು ಒಳ್ಳೆಯದೇ. ನಾಲ್ಕು ಗಂಟೆಯ ದಾರಿಗೆ ಅದು ಬೇಡ.

ಇಳಿದು ಹತ್ತಲೇಬೇಕು ಅಂದರೆ ಎರಡು ಬಗೆ ಇವೆ. ಬುಕಿಂಗ್ ತಾಣದ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಒಂದನೆಯದು ಇಡೀ ದಾರಿಗೆ ಒಂದೇ ಪಿಎನ್‌ಆರ್ ಇರುವ ಟಿಕೆಟ್. ಬೆಂಗಳೂರಿನಲ್ಲಿ ಕೊಟ್ಟ ಸೂಟ್‌ಕೇಸ್ ಸಾಮಾನ್ಯವಾಗಿ ಕೊನೆಯ ಊರಿನಲ್ಲೇ ಕೈಗೆ ಬರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು.

ಎರಡನೆಯದು ಎರಡು ಬೇರೆ ಟಿಕೆಟ್‌ಗಳ ಜೋಡಣೆ. ಕೆಲವು ತಾಣಗಳು ಇದನ್ನು ತಾವೇ ಹೊಲಿದು ಒಂದೇ ಪ್ರಯಾಣದ ಹಾಗೆ ತೋರಿಸುತ್ತವೆ. ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದಿರುತ್ತದೆ. ಅದರ ಅರ್ಥ ಇಷ್ಟು: ನಡುವಿನ ದೇಶದಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು, ಸೂಟ್‌ಕೇಸ್ ಇಸಕೊಳ್ಳಬೇಕು, ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರಬೇಕು ಅಂದಮೇಲೆ ಆ ದೇಶದ ವೀಸಾ ಬೇಕು, ಅಲ್ವಾ? ವೀಸಾ ಇಲ್ಲದೆ ಸಿಂಗಾಪುರದಲ್ಲಿ ಇಳಿದು ಲಗೇಜ್ ತೆಗೆದುಕೊಂಡು ಬೇರೆ ಕಂಪನಿಯ ವಿಮಾನ ಹತ್ತುವ ಟಿಕೆಟ್ ತೆಗೆದಿದ್ದರೆ ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸಬಹುದು. ಇನ್ನು ಬ್ಯಾಂಕಾಕ್‌ನಲ್ಲಿ ಎರಡು ಏರ್‌ಪೋರ್ಟ್‌ಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಸಿಕ್ಕಿದರೆ ನಡುವೆ ಊರಿನ ಟ್ರಾಫಿಕ್ ನಿಮ್ಮದೇ. ಕೌಲಾಲಂಪುರದ ಮುಖ್ಯ ಏರ್‌ಪೋರ್ಟಿನಲ್ಲೇ ಎರಡು ಟರ್ಮಿನಲ್, ನಡುವೆ ರೈಲು ಹತ್ತಬೇಕು.

ನಾನು ಮಾಡಿದ್ದು ಇದನ್ನೇ. ಬೆಂಗಳೂರು–ಕೌಲಾಲಂಪುರ ಒಂದು ಟಿಕೆಟ್, ಕೌಲಾಲಂಪುರ–ಸಿಂಗಾಪುರ ಇನ್ನೊಂದು ಕಂಪನಿಯ ಟಿಕೆಟ್. ನೇರ ವಿಮಾನಕ್ಕಿಂತ ನಾಲ್ವರಿಗೂ ಸೇರಿ 11,000 ರೂಪಾಯಿ ಉಳಿಯಿತು ಅಂತ ಹೆಂಡತಿಯ ಮುಂದೆ ಹೇಳಿಕೊಂಡಿದ್ದೆ. ನಡುವೆ ಮೂರೂವರೆ ಗಂಟೆ ಇಟ್ಟಿದ್ದೆ. ಮೊದಲ ವಿಮಾನ ಎರಡೂವರೆ ಗಂಟೆ ತಡವಾಯಿತು. ಇಮಿಗ್ರೇಷನ್ ಸಾಲು, ಲಗೇಜ್, ಟರ್ಮಿನಲ್ ಬದಲಾವಣೆ ಎಲ್ಲ ಮುಗಿಸಿ ಓಡುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ಎರಡನೇ ಕಂಪನಿಯವರು ಬಲು ಸಮಾಧಾನದಿಂದ ಹೇಳಿದರು, ನೀವು ಬರಲಿಲ್ಲ ಎಂದು ಬರೆದುಕೊಂಡಿದ್ದೇವೆ. ಆ ಕ್ಷಣದ ಟಿಕೆಟ್‌ಗೆ 19,000 ಕೊಟ್ಟೆ. ಸಿಂಗಾಪುರ ಬಿಟ್ಟು ಮೊದಲು ಕೌಲಾಲಂಪುರವನ್ನೇ ನೋಡಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮರುದಿನದ ಯೂನಿವರ್ಸಲ್ ಟಿಕೆಟ್ ಮೊದಲೇ ತೆಗೆದುಬಿಟ್ಟಿದ್ದೆ. ಅದೂ ಒಂದು ಪಾಠ: ಇಳಿದ ಮರುದಿನಕ್ಕೆ ದುಬಾರಿ ಟಿಕೆಟ್ ಇಟ್ಟುಕೊಳ್ಳಬೇಡಿ.

ನನ್ನ ಲೆಕ್ಕದಲ್ಲಿ ಮೊದಲ ಸಲದವರಿಗೆ ಕ್ರಮ ಹೀಗೆ: ನೇರ ವಿಮಾನ, ಸಿಗದಿದ್ದರೆ ಒಂದೇ ಪಿಎನ್‌ಆರ್. ಬೇರೆ ಬೇರೆ ಟಿಕೆಟ್ ತೆಗೆಯಲೇಬೇಕಾದರೆ ನಡುವೆ ಒಂದು ರಾತ್ರಿ ಆ ಊರಿನಲ್ಲೇ ತಂಗಿ.

ರಾತ್ರಿ ಹೊರಡುವುದೋ, ಹಗಲು ಹೊರಡುವುದೋ

ಈ ಕಡೆಗೆ ಹೋಗುವ ಹಲವು ವಿಮಾನಗಳು ರಾತ್ರಿ ಹತ್ತರಿಂದ ಹನ್ನೆರಡರ ಆಸುಪಾಸಿನಲ್ಲಿ ಹೊರಡುತ್ತವೆ. ಒಂದು ದಿನದ ಹೋಟೆಲ್ ಬಾಡಿಗೆ ಉಳಿಯಿತು ಅಂತ ಜನ ಖುಷಿಪಡುತ್ತಾರೆ. ಲೆಕ್ಕ ಹಾಕಿ ನೋಡೋಣ. ರಾತ್ರಿ 11ಕ್ಕೆ ಹೊರಟರೆ ನಾಲ್ಕೂವರೆ ಗಂಟೆ ಹಾರಾಟ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಳಿದಾಗ ಅಲ್ಲಿ ಬೆಳಗ್ಗೆ 6. ನಡುವೆ ಊಟ ಕೊಡುತ್ತಾರೆ, ಲೈಟ್ ಹಾಕುತ್ತಾರೆ, ನಿದ್ದೆ ಮೂರು ಗಂಟೆ ಬಂದರೆ ಪುಣ್ಯ. ಹೋಟೆಲ್ ಕೋಣೆ ಕೊಡುವುದು ಮಧ್ಯಾಹ್ನ 2 ಅಥವಾ 3ಕ್ಕೆ.

ಮೈಸೂರಿನವರು ಇದಕ್ಕೆ ಇನ್ನೂ ಒಂದಿಷ್ಟು ಸೇರಿಸಬೇಕು. ದೇವನಹಳ್ಳಿಗೆ ಫ್ಲೈಬಸ್‌ನಲ್ಲಿ ನಾಲ್ಕು ಗಂಟೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಅಂದರೆ ಬಸ್ ಹಿಡಿಯುವ ಹೊತ್ತೂ ಸೇರಿ 11ರ ವಿಮಾನಕ್ಕೆ ಮಧ್ಯಾಹ್ನ ಮೂರಕ್ಕೇ ಮನೆಯಿಂದ ಕಾಲು ತೆಗೆಯಬೇಕು. ಹಿಂದಿನ ದಿನ ಮೂರರಿಂದ ಮರುದಿನ ಮೂರರವರೆಗೆ ಬೆನ್ನು ನೆಲಕ್ಕೆ ತಾಗುವುದಿಲ್ಲ. ಹುಬ್ಬಳ್ಳಿ, ಶಿವಮೊಗ್ಗದವರ ಪಾಡು ಕೇಳುವುದೇ ಬೇಡ.

ಹಗಲಿನ ವಿಮಾನದಲ್ಲಿ ಒಂದು ಪೂರ್ತಿ ದಿನ ಹೋಗುತ್ತದೆ, ನಿಜ. ಆದರೆ ಸಂಜೆ ಇಳಿದು, ಸ್ನಾನ ಮಾಡಿ, ಉಂಡು ಮಲಗಿದರೆ ಮರುದಿನ ಎಲ್ಲರ ಮುಖವೂ ಮನುಷ್ಯರ ಮುಖದ ಹಾಗಿರುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ನಾನು ಹಗಲಿನದೇ ನೋಡುತ್ತೇನೆ. ರಾತ್ರಿಯದೇ ಅಗ್ಗಕ್ಕೆ ಸಿಕ್ಕಿತು ಅಂದರೆ ಹೋಟೆಲಿಗೆ ಬರೆದು ಬೇಗ ಕೋಣೆ ಕೊಡುತ್ತಾರಾ ಕೇಳಿ, ಆಗದಿದ್ದರೆ ಸೂಟ್‌ಕೇಸ್ ಮಾತ್ರ ಅಲ್ಲಿಟ್ಟು ಹತ್ತಿರದಲ್ಲೇ ಸುತ್ತಾಡಿ. ಆ ದಿನ ಸಂಜೆಗೆ ನೈಟ್ ಸಫಾರಿ ಇಟ್ಟುಕೊಂಡವರು ಹುಲಿಯ ಮುಂದೆಯೇ ತೂಕಡಿಸಿದ್ದನ್ನು ನೋಡಿದ್ದೇನೆ.

ಇದರ ಜೊತೆಗೇ ತಾರೀಖಿನ ಗುಂಡಿ. ಟಿಕೆಟ್‌ನಲ್ಲಿ ‘15ನೇ ತಾರೀಖು, 00:20’ ಎಂದಿದ್ದರೆ ನೀವು ಏರ್‌ಪೋರ್ಟಿನಲ್ಲಿ ಇರಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಆರಾಮಾಗಿ ಹೋಗಿ ನಿಂತ ಮೇಲೆ ವಿಷಯ ಗೊತ್ತಾದವರು ಒಬ್ಬಿಬ್ಬರಲ್ಲ. ಮನೆಯ ಕ್ಯಾಲೆಂಡರ್‌ನಲ್ಲಿ 14ಕ್ಕೇ ಗುಂಡಗೆ ಗೆರೆ ಹಾಕಿ.

ಹೋಗಿ ಬರುವ ಟಿಕೆಟ್ ಒಂದೇ ಊರಿಗೋ, ಎರಡಕ್ಕೋ

ಎರಡು ದೇಶ ನೋಡುವವರು ಮಾಡುವ ಸಾಮಾನ್ಯ ತಪ್ಪು ಬೆಂಗಳೂರು–ಸಿಂಗಾಪುರ–ಬೆಂಗಳೂರು ಟಿಕೆಟ್ ತೆಗೆಯುವುದು. ಮಲೇಷ್ಯಾ ನೋಡಿಕೊಂಡು ಮತ್ತೆ ಸಿಂಗಾಪುರಕ್ಕೆ ವಾಪಸ್ ಬರಬೇಕು. ಅರ್ಧ ದಿನ ಹೋಯಿತು, ಜೊತೆಗೆ ಎರಡನೇ ಸಲ ಸಿಂಗಾಪುರದೊಳಗೆ ಬರಲು ನಿಮ್ಮ ವೀಸಾ ಒಪ್ಪಬೇಕು.

ಬುಕಿಂಗ್ ತಾಣದಲ್ಲಿ ‘ಮಲ್ಟಿ-ಸಿಟಿ’ ಎಂಬ ಗುಂಡಿ ಇರುತ್ತದೆ. ಯಾರೂ ಅದನ್ನು ಒತ್ತುವುದಿಲ್ಲ. ಅಲ್ಲಿ ಬೆಂಗಳೂರು–ಸಿಂಗಾಪುರ, ಕೌಲಾಲಂಪುರ–ಬೆಂಗಳೂರು ಎಂದು ಹಾಕಿ ನೋಡಿ. ದೊಡ್ಡ ಕಂಪನಿಗಳಲ್ಲಿ ಎರಡು ಒನ್‌-ವೇ ಟಿಕೆಟ್ ಬೇರೆ ಬೇರೆ ತೆಗೆಯುವುದಕ್ಕಿಂತ ಹೀಗೆ ಒಟ್ಟಿಗೆ ತೆಗೆದರೆ ಎಷ್ಟೋ ಸಲ ಕಡಿಮೆ ಬೀಳುತ್ತದೆ. ಅಗ್ಗದ ಕಂಪನಿಗಳು ಬಹುತೇಕ ಒಂದೊಂದು ಕಡೆಗೆ ಬೇರೆ ದರ ಹಾಕುವವರು, ಅವರಲ್ಲಿ ಒಟ್ಟಿಗೆ ತೆಗೆದರೂ ಬಿಡಿಯಾಗಿ ತೆಗೆದರೂ ಅಷ್ಟೇನೂ ವ್ಯತ್ಯಾಸವಿಲ್ಲ. ಹಾಗಾಗಿ ಹೋಗುವಾಗ ಒಂದು ಕಂಪನಿ, ಬರುವಾಗ ಇನ್ನೊಂದು ಎಂದರೂ ತೊಂದರೆಯಿಲ್ಲ. ಇಲ್ಲಿ ಎರಡು ಟಿಕೆಟ್‌ಗಳ ನಡುವೆ ಒಂದು ವಾರವೇ ಇದೆ, ವಿಮಾನ ತಪ್ಪುವ ಮಾತಿಲ್ಲ.

ಸಿಂಗಾಪುರದಿಂದ ಕೌಲಾಲಂಪುರಕ್ಕೆ ಬಸ್ಸೋ, ವಿಮಾನವೋ? ದೂರ ಸುಮಾರು 350 ಕಿಲೋಮೀಟರ್. ವಿಮಾನ ಆಕಾಶದಲ್ಲಿರುವುದು ಒಂದು ಗಂಟೆ. ಆದರೆ ಸಿಂಗಾಪುರದ ಚಾಂಗಿ ಏರ್‌ಪೋರ್ಟಿಗೆ ಹೋಗುವುದು, ಎರಡು ಗಂಟೆ ಮುಂಚೆ ಇರುವುದು, ಇಳಿದ ಮೇಲೆ ಇಮಿಗ್ರೇಷನ್ ಇವೆಯಲ್ಲ. ಕೌಲಾಲಂಪುರದ ಏರ್‌ಪೋರ್ಟ್ ನಮ್ಮ ದೇವನಹಳ್ಳಿಯ ಅಣ್ಣ, ಊರಿನಿಂದ 50 ಕಿಲೋಮೀಟರ್‌ಗೂ ಆಚೆ. ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಊರ ನಡುವಿನ ಕೆಎಲ್ ಸೆಂಟ್ರಲ್‌ಗೆ ಅರ್ಧ ಗಂಟೆ, ಅದು ನಮಗಿಲ್ಲದ ಭಾಗ್ಯ. ಹೋಟೆಲ್ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಐದು ಗಂಟೆ ಆಗುತ್ತದೆ. ಬಸ್‌ಗೂ ಐದಾರು ಗಂಟೆ. ಸೀಟು ಅಗಲ, ಸೂಟ್‌ಕೇಸಿಗೆ ಬೇರೆ ದುಡ್ಡಿಲ್ಲ, ಊರಿನ ನಡುವೆಯೇ ಹತ್ತಿ ಇಳಿಯಬಹುದು. ಒಂದೇ ಕಷ್ಟ ಗಡಿ. ಸಿಂಗಾಪುರ ಬಿಡುವಾಗ ಒಮ್ಮೆ, ಮಲೇಷ್ಯಾ ಹೊಗುವಾಗ ಒಮ್ಮೆ ಬಸ್ಸಿನಿಂದ ಇಳಿಯಬೇಕು, ಮಲೇಷ್ಯಾ ಕಡೆ ಲಗೇಜನ್ನೂ ಹೊತ್ತುಕೊಂಡು ಹೋಗಬೇಕು. ಶುಕ್ರವಾರ ಸಂಜೆ, ಸಾಲು ರಜೆಯ ಹಿಂದಿನ ದಿನ ಎರಡು ದೇಶಗಳ ನಡುವಿನ ಸೇತುವೆಯ ಮೇಲೆ ಗಾಡಿಗಳು ಗಂಟೆಗಟ್ಟಲೆ ನಿಲ್ಲುತ್ತವೆ. ದೀಪಾವಳಿಗೂ ಎರಡೂ ದೇಶಗಳಲ್ಲಿ ಸರ್ಕಾರಿ ರಜೆ ಇದೆ, ಅದನ್ನು ಮರೆಯಬೇಡಿ. ವಾರದ ಮಧ್ಯೆ, ಬೆಳಗ್ಗೆ ಎಂಟರ ಬಸ್ ಹಿಡಿದರೆ ಬಸ್ಸೇ ಮೇಲು. ಅಮ್ಮನಿಗೂ ದಾರಿಯುದ್ದ ತಾಳೆ ತೋಟ ನೋಡಲು ಸಿಕ್ಕಿತು.

ದಿನಗಳ ಹಂಚಿಕೆ

ಎಂಟು ದಿನಕ್ಕೆ ನಮ್ಮ ಮುಂದಿದ್ದದ್ದು ಮೂರು ದಾರಿ. ಸಿಂಗಾಪುರ ಒಂದೇ. ಸಿಂಗಾಪುರ ಜೊತೆ ಕೌಲಾಲಂಪುರ. ಇಲ್ಲವೇ ಭಾವ ಕಳಿಸಿದ್ದ ‘ಮೂರು ದೇಶ, ಏಳು ರಾತ್ರಿ’ ಪ್ಯಾಕೇಜ್, ಅದರಲ್ಲಿ ಬ್ಯಾಂಕಾಕೂ ಸೇರಿತ್ತು.

ಮೂರನೆಯದನ್ನು ಮೊದಲು ಬಿಟ್ಟುಬಿಡಿ. ಏಳು ರಾತ್ರಿಯಲ್ಲಿ ಮೂರು ಹೋಟೆಲ್, ನಾಲ್ಕು ವಿಮಾನ. ಒಂದೊಂದು ಊರು ಬದಲಿಸಿದಾಗಲೂ ಮುಕ್ಕಾಲು ದಿನ ಪೆಟ್ಟಿಗೆ ಕಟ್ಟುವುದರಲ್ಲಿ, ಸಾಲಿನಲ್ಲಿ ನಿಲ್ಲುವುದರಲ್ಲಿ ಹೋಗುತ್ತದೆ. ಪಾಸ್‌ಪೋರ್ಟ್ ತುಂಬ ಮುದ್ರೆ ಬೀಳುತ್ತದೆ ಅನ್ನುವ ಆಸೆ ಇದ್ದರೆ ಅದೂ ಈಗ ಕಡಿಮೆ, ಸಿಂಗಾಪುರದವರು ಮುದ್ರೆ ಒತ್ತುವುದನ್ನೇ ನಿಲ್ಲಿಸಿದ್ದಾರೆ.

ಸಿಂಗಾಪುರ ಒಂದೇ ಎಂದರೆ ತುಂಬ ಸಲೀಸು, ಆದರೆ ಕೋಣೆ ಬಾಡಿಗೆ ಜೋರು. ಐದನೇ ದಿನಕ್ಕೆ ಪರ್ಸ್ ಅಳಲು ಶುರುಮಾಡುತ್ತದೆ. ಕೌಲಾಲಂಪುರದಲ್ಲಿ ಅಷ್ಟೇ ದುಡ್ಡಿಗೆ ದೊಡ್ಡ ಕೋಣೆ ಸಿಗುತ್ತದೆ. ಅದಕ್ಕೇ ನಾಲ್ಕು ರಾತ್ರಿ ಸಿಂಗಾಪುರ, ಮೂರು ರಾತ್ರಿ ಕೌಲಾಲಂಪುರ ಎಂದು ಹಂಚಿದೆವು. ದುಬಾರಿ ಊರು ಮೊದಲು, ಅಗ್ಗದ ಊರು ಆಮೇಲೆ. ಉಳಿದ ದುಡ್ಡಿನಲ್ಲಿ ಕೊನೆಗೆ ನಿರಾಳವಾಗಿ ಓಡಾಡಬಹುದು.

ಒಂದೊಂದು ದಿನಕ್ಕೆ ಒಂದೇ ದೊಡ್ಡ ಜಾಗ ಇಡಿ. ಸೆಂಟೋಸಾ ಮತ್ತು ಯೂನಿವರ್ಸಲ್‌ಗೆ ಒಂದು ಪೂರ್ತಿ ದಿನ. ಗಾರ್ಡನ್ಸ್ ಬೈ ದಿ ಬೇಗೆ ಮಧ್ಯಾಹ್ನದ ಮೇಲೆ ಹೋಗಿ, ರಾತ್ರಿ 7:45 ಮತ್ತು 8:45ಕ್ಕೆ ಅಲ್ಲಿಯ ಎತ್ತರದ ಮರಗಳ ಬೆಳಕಿನಾಟ ಇರುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಚಾಂಗಿ ಏರ್‌ಪೋರ್ಟ್ ಪಕ್ಕದ ಮಾಲ್ ಜ್ಯುಯೆಲ್‌ನ 40 ಮೀಟರ್ ಜಲಪಾತವನ್ನು ಇಳಿದ ಬೆಳಗ್ಗೆಯೇ ನೋಡೋಣ ಅಂದುಕೊಳ್ಳಬೇಡಿ, ಅಲ್ಲಿ ನೀರು ಬಿಡುವುದು ಹೊತ್ತೇರಿದ ಮೇಲೆ. ಕೌಲಾಲಂಪುರದಲ್ಲಿ ಪೆಟ್ರೊನಾಸ್ ಗೋಪುರ ಸೋಮವಾರ ನೋಡುಗರಿಗೆ ಬಂದ್. ಬಾತು ಗುಹೆಗೆ ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ರೈಲು ಇದೆ, ಟ್ಯಾಕ್ಸಿ ಬೇಕಿಲ್ಲ. ಮೆಟ್ಟಿಲು 272. ಬಿಸಿಲೇರುವ ಮುಂಚೆ ಹೋಗಿ. ಅಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು, ಇದನ್ನು ಒಂದೇ ಒಂದು ಸಲ ನಿಂತು ಹತ್ತಿದರು. ಕೈಯಲ್ಲಿದ್ದ ಬಾಳೆಹಣ್ಣು ಮಾತ್ರ ಕೋತಿಯ ಪಾಲಾಯಿತು.

ಪ್ಯಾಕೇಜ್ ಎಂದರೆ ಕೆಟ್ಟದ್ದಲ್ಲ. ಫೋನಿನಲ್ಲಿ ಬುಕಿಂಗ್ ಮಾಡಲು ಹೆದರುವವರಿಗೆ, ದೊಡ್ಡ ಗುಂಪಿಗೆ ಅದು ಸರಿ. ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಪ್ಯಾಕೇಜ್‌ಗಳೂ ಇವೆ. ಆದರೆ ವಿದೇಶ ಪ್ಯಾಕೇಜ್ ಮೇಲೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ಐಟಿ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಹೊರಡುವ ಮುಂಚೆ ಕೈಬಿಟ್ಟು ಹೋಗುವ ಮೊತ್ತಕ್ಕೆ ಅದನ್ನೂ ಸೇರಿಸಿಕೊಳ್ಳಿ.

ಟಿಕೆಟ್ ಎಲ್ಲಿ ತೆಗೆಯಬೇಕು, ಹೆಸರು ಹೇಗೆ ಬರೆಯಬೇಕು

ಬೆಲೆ ಹೋಲಿಸಲು ಎಲ್ಲ ತಾಣಗಳನ್ನೂ ನೋಡಿ. ತೆಗೆಯುವಾಗ, ವ್ಯತ್ಯಾಸ ಐನೂರು ಸಾವಿರದಷ್ಟೇ ಇದ್ದರೆ, ವಿಮಾನ ಕಂಪನಿಯ ತಾಣದಲ್ಲೇ ತೆಗೆಯಿರಿ. ವೇಳೆ ಬದಲಾದಾಗ, ವಿಮಾನ ರದ್ದಾದಾಗ ‘ನಿಮ್ಮ ಏಜೆಂಟರನ್ನು ಕೇಳಿ’ ಎಂಬ ಉತ್ತರ ಬರುವುದಿಲ್ಲ. ಮೊದಲ ಪುಟದ ಬೆಲೆ ನಂಬಬೇಡಿ. ಕೊನೆಯ ಪುಟದವರೆಗೆ ಹೋಗಿ, ಲಗೇಜ್, ಸೀಟು, ಊಟ ಎಲ್ಲ ಸೇರಿಸಿದ ಮೇಲೆ ಹೋಲಿಸಿ. ಅಗ್ಗದ ಟಿಕೆಟ್‌ನಲ್ಲಿ ಎಷ್ಟೋ ಸಲ ಕೈಚೀಲದ 7 ಕೆಜಿ ಮಾತ್ರ ಇರುತ್ತದೆ. ಚಟ್ನಿಪುಡಿ, ಕೋಡುಬಳೆ ಡಬ್ಬಿಗಳೇ ಐದು ಕೆಜಿ ತೂಗುವ ಮನೆ ನಮ್ಮದು. ಊಟ ಬರೆಸುವಾಗ ಸುಮ್ನೆ ವೆಜಿಟೇರಿಯನ್ ಎನ್ನಬೇಡಿ, ‘ಏಷ್ಯನ್ ವೆಜಿಟೇರಿಯನ್’ ಆರಿಸಿ, ಇಲ್ಲವಾದರೆ ಉಪ್ಪು ಖಾರ ಇಲ್ಲದ ಬೇಯಿಸಿದ ತರಕಾರಿ ಬರಬಹುದು.

ಹೆಸರಿನದು ನಮ್ಮ ಕಡೆಯವರಿಗೇ ಅಂಟಿದ ತಲೆನೋವು. ಆಧಾರ್‌ನಲ್ಲಿ ‘ಮಂಜುನಾಥ ಕೆ ಎಸ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಉದ್ದದ ಹೆಸರು, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ತಾಣ ಮಾತ್ರ ಸರ್‌ನೇಮ್ ಇಲ್ಲದೆ ಮುಂದಕ್ಕೇ ಬಿಡುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಎರಡು ಪದ ಇದ್ದರೆ ಅವನ್ನೇ ಎರಡು ಖಾನೆಗೆ ಹಂಚಬಹುದು. ಒಂದೇ ಪದ ಇದ್ದರೆ ಏನು ಬರೆಯಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವರು ಅದನ್ನೇ ಎರಡು ಸಲ ಬರೆಯಿರಿ ಎನ್ನುತ್ತಾರೆ. ಊಹೆ ಮಾಡದೆ ಅವರ ತಾಣದಲ್ಲಿ ಓದಿ. ದುಬೈಗೆ ಹೋಗುವವರು ಇನ್ನೂ ಎಚ್ಚರವಾಗಿರಿ: ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳ ಮೇಲೆ ಯುಎಇ 2022ರ ನವೆಂಬರ್‌ನಿಂದ ನಿರ್ಬಂಧ ಹಾಕಿದೆ. ಅಂಥವರು ಮೊದಲು ಪಾಸ್‌ಪೋರ್ಟ್ ತಿದ್ದಿಸಿ, ಆಮೇಲೆ ಟಿಕೆಟ್ ನೋಡುವುದು ವಾಸಿ.

ವಾಪಸ್ ಬರುವ ವಿಮಾನದ ವೇಳೆಯನ್ನು ಯಾರೂ ಯೋಚಿಸುವುದಿಲ್ಲ. ನಾವೂ ಯೋಚಿಸಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ದೇವನಹಳ್ಳಿಯಲ್ಲಿ ಇಳಿದು, ಇಮಿಗ್ರೇಷನ್ ಮುಗಿಸಿ, ಲಗೇಜ್ ಸಿಕ್ಕುವ ಹೊತ್ತಿಗೆ ಒಂದು ಗಂಟೆ. ಮೈಸೂರಿಗೆ ಮುಂದಿನ ಬಸ್ಸಿಗೆ ಕಾಯುತ್ತ ಮಗಳು ಸೂಟ್‌ಕೇಸಿನ ಮೇಲೆಯೇ ನಿದ್ದೆ ಹೋದಳು. ಈಗ ಯಾರಾದರೂ ಟಿಕೆಟ್ ನೋಡಿಕೊಡಿ ಎಂದರೆ, ಸಂಜೆ ಆರರೊಳಗೆ ಬೆಂಗಳೂರು ಮುಟ್ಟುವ ವಿಮಾನ ಯಾವುದಿದೆ ಎಂದು ಅಲ್ಲಿಂದಲೇ ಹುಡುಕಲು ಶುರುಮಾಡುತ್ತೇನೆ. ಹೋಗುವ ಟಿಕೆಟ್ ಆಮೇಲೆ.